ಅಧ್ಯಕ್ಷರ ಚಾಮರಾಜನಗರ ಪ್ರವಾಸ

ಪುಟ್ಟಮಾದು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು ನಿವೃತ್ತನಾದವನು. ಅಷ್ಟು ವರ್ಷದ ಸರ್ವಿಸಿನಲ್ಲಿ ಅವನು ಚೆನ್ನಾಗಿ ಕಲಿತದ್ದು ಒಂದೇ ಮಾತು: 'ಆಯ್ತು ಬುಡಿ ಸಾ.' ಕಾಫಿ ತಗೊಂಡು ಬಾ ಅಂದರೆ ಆಯ್ತು ಬುಡಿ ಸಾ. ಸಾಹೇಬರ ನಾಯಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಾ ಅಂದರೂ ಆಯ್ತು ಬುಡಿ ಸಾ. ನಿವೃತ್ತಿಯ ದಿನ ಬೀರುವಿನ ಬೀಗದ ಕೈ, ಗುರುತಿನ ಚೀಟಿ, ಗಂಟೆ ಬಾರಿಸುವ ಕೋಲು ಎಲ್ಲವನ್ನೂ ಒಪ್ಪಿಸಿ ಬಂದ. ಈ ಮಾತೊಂದನ್ನು ಮಾತ್ರ ಅಲ್ಲೇ ಬಿಟ್ಟು ಬರುವ ಬುದ್ಧಿ ಅವನಿಗೆ ಹೊಳೆಯಲಿಲ್ಲ. ಅದರಿಂದಲೇ ಅವನ ನೆಮ್ಮದಿ ಹಾಳಾಯಿತು.

ಹಾಳಾದ ಬಗೆ ಕೇಳಿ. ಮೈಸೂರಿನ ಹೊರಗೆ ಅವನು ಮನೆ ಕಟ್ಟಿಕೊಂಡಿದ್ದ ಬಡಾವಣೆಯಲ್ಲಿ ನಿವಾಸಿಗಳೆಲ್ಲ ಸೇರಿ ಒಂದು ಸಂಘ ಮಾಡಿದರು. ಮೊದಲ ಸಭೆಗೆ ಇವನು ಹೋದದ್ದು ಕುರ್ಚಿ ಜೋಡಿಸುವುದಕ್ಕೆ. ಯಾರೂ ಕರೆದಿರಲಿಲ್ಲ, ಕೈ ಸುಮ್ಮನಿರುವುದಿಲ್ಲವಲ್ಲ, ಹೋದ. ಅಧ್ಯಕ್ಷ ಯಾರಾಗಬೇಕು ಅನ್ನುವ ಪ್ರಶ್ನೆ ಬಂದಾಗ ಎಲ್ಲರೂ ತಲೆ ತಗ್ಗಿಸಿಕೊಂಡು ಮೊಬೈಲು ನೋಡತೊಡಗಿದರು. ತಲೆ ಎತ್ತಿದ್ದವನು ಕುರ್ಚಿ ಹೊತ್ತುಕೊಂಡು ನಿಂತಿದ್ದ ಪುಟ್ಟಮಾದು ಒಬ್ಬನೇ. "ನೀವೇ ಆಗ್ಬಿಡಿ" ಅಂದರು. ಹೊತ್ತಿದ್ದ ಕುರ್ಚಿಯನ್ನು ಕೆಳಗಿಡುವ ಮೊದಲೇ ಇವನ ಬಾಯಿಂದ ಆಯ್ತು ಬುಡಿ ಬಂದುಬಿಟ್ಟಿತು.

ನಿಜ ಹೇಳಬೇಕೆಂದರೆ ಮೊದಲ ಒಂದು ತಿಂಗಳು ಅವನಿಗೆ ಖುಷಿಯಾಗಿತ್ತು. ಮೂವತ್ತು ವರ್ಷ ಬೇರೆಯವರು ಕೂರುವ ಕುರ್ಚಿ ಒರೆಸಿದವನು. ಈಗ ತಾನೇ ನಡುವಿನ ಕುರ್ಚಿಯಲ್ಲಿ ಕೂತು, ಎದುರಿಗೆ ನೀರಿನ ಬಾಟಲಿ ಇಟ್ಟುಕೊಂಡು, "ಹೇಳಿ, ಏನ್ ಸಮಸ್ಯೆ" ಅಂತ ಕೇಳುವ ಯೋಗ ಬಂದಿತ್ತು. ಅದೇ ತಪ್ಪಾಯಿತು. ಜನ ಸಮಸ್ಯೆ ಹೇಳತೊಡಗಿದರು. ನೀರು ಬರಲಿಲ್ಲ, ಪುಟ್ಟಮಾದುಗೆ ಫೋನು. ನೀರು ಬಂತು, ಆದರೆ ಕೆಂಪಗಿದೆ, ಪುಟ್ಟಮಾದುಗೆ ಫೋನು. ಬೀದಿದೀಪ ಉರಿಯುತ್ತಿಲ್ಲ. ಬೀದಿದೀಪ ಉರಿಯುತ್ತಿದೆ, ಅದರ ಬೆಳಕು ನಮ್ಮ ಬೆಡ್‌ರೂಮಿಗೆ ಬೀಳುತ್ತಿದೆ. ಪಕ್ಕದ ಮನೆಯ ಕರಿಬೇವಿನ ಎಲೆ ನಮ್ಮ ಕಾಂಪೌಂಡಿನಲ್ಲಿ ಉದುರುತ್ತಿದೆ. ಒಬ್ಬ ಮಹಾತಾಯಿಯಂತೂ ಇವತ್ತು ಅಮಾವಾಸ್ಯೆಯೋ ನಾಳೆಯೋ ಅಂತ ಕೇಳುವುದಕ್ಕೂ ಇವನಿಗೇ ಫೋನು ಮಾಡುತ್ತಿದ್ದಳು. ಇವನು ಒಬ್ಬರಿಗೂ ಆಗಲ್ಲ ಅನ್ನಲಿಲ್ಲ. ಎರಡು ಸಲ ಅವಧಿ ಮುಗಿಯಿತು. ಎರಡು ಸಲವೂ 'ನನಗೆ ಸಾಕು' ಅಂತ ಹೇಳುವುದಕ್ಕೆಂದೇ ಸಭೆಗೆ ಹೋಗಿ, ಆಯ್ತು ಬುಡಿ ಅಂದುಕೊಂಡು ಮನೆಗೆ ಬಂದ. ಹಾಗೆ ಆರು ವರ್ಷವಾಗಿತ್ತು.

ಈ ಆಷಾಢದಲ್ಲಿ ಮತ್ತೆ ಆಯ್ಕೆಯ ಸಭೆ ಬಂತು, ಭಾನುವಾರ ಬೆಳಗ್ಗೆ. ಈ ಸಲ ಏನಾದರೂ ಮಾಡಿ ತಪ್ಪಿಸಿಕೊಳ್ಳಬೇಕು, ಇಲ್ಲದಿದ್ದರೆ ಸಾಯುವ ತನಕ ಇದೇ ಗತಿ ಅಂತ ಪುಟ್ಟಮಾದು ತೀರ್ಮಾನಿಸಿದ. ಬಾಯಿಬಿಟ್ಟು ಬೇಡ ಅನ್ನುವುದು ತನ್ನ ಕೈಲಾಗದ ಮಾತು ಅನ್ನುವುದೂ ಅವನಿಗೆ ಗೊತ್ತಿತ್ತು. ಆಗ ಅವನ ತಲೆಗೆ ಹೊಳೆದದ್ದು ಚಾಮರಾಜನಗರ.

ಅಧಿಕಾರದಲ್ಲಿರುವವರು ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಅನ್ನುವ ಮಾತು ನಾಡಿಗೆಲ್ಲ ಗೊತ್ತಿರುವುದೇ. ಬೇರೆ ಊರಿನವರಿಗೆ ಅದು ತಮಾಷೆ, ಆ ಸೀಮೆಯವರಿಗೆ ಮೈಯೆಲ್ಲ ಉರಿಯುವ ವಿಷಯ. ಪುಟ್ಟಮಾದು ಹುಟ್ಟಿದ್ದು ಚಾಮರಾಜನಗರ ತಾಲ್ಲೂಕಿನ ಉಡಿಗಾಲದಲ್ಲಿ. ಕಚೇರಿಯಲ್ಲಿ ಯಾರಾದರೂ ಈ ಮಾತೆತ್ತಿ ನಕ್ಕರೆ, ಎಂದೂ ದನಿ ಎತ್ತದವನು ಅವತ್ತು ಎತ್ತುತ್ತಿದ್ದ. "ನಮ್ಮೂರು ಏನ್ ಪಾಪ ಮಾಡ್ಬುಟ್ಟದೆ ಸಾ, ಮೂಢನಂಬಿಕೆ ಅಲ್ವಾ ಇದು" ಅನ್ನುತ್ತಿದ್ದ. ಅಂಥ ಸ್ವಾಭಿಮಾನಿ ಈಗ ತನ್ನ ಹುಟ್ಟೂರಿನ ಅಪಕೀರ್ತಿಯನ್ನೇ ನೆಚ್ಚಿಕೊಂಡು ಹೊರಡುವುದೆಂದರೆ! ಅವನಿಗೇ ನಾಚಿಕೆಯಾಯಿತು. ಆದರೂ ಗೆಳೆಯ ಹಿದಾಯತ್ ಉಲ್ಲಾನಿಗೆ ಫೋನು ಮಾಡಿದ.

ಹಿದಾಯತ್ ಉಲ್ಲಾ ಹೈಸ್ಕೂಲಿನಲ್ಲಿ ಇವನ ಬೆಂಚಿನವನು. ಚಾಮರಾಜನಗರದ ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದಾನೆ. ಮದುವೆಯ ಹಾರ, ಸನ್ಮಾನದ ಹಾರ, ಹೆಣದ ಹಾರ, ಯಾವುದು ಬೇಕಾದರೂ ಅವನ ಅಂಗಡಿಯಲ್ಲಿ ಸಿಗುತ್ತದೆ.

"ನಾನು ಅಧ್ಯಕ್ಷ ಆದ್ಮೇಲೂ ಎಷ್ಟೋ ಸಲ ನಿಮ್ಮೂರಿಗೆ ಬಂದಿದ್ದೀನಿ ಕಣ್ಲಾ. ಕುರ್ಚಿ ಅಲ್ಲಾಡ್ನೂ ಇಲ್ಲ" ಅಂದ ಪುಟ್ಟಮಾದು.

"ನೀ ಬಂದಿದ್ದು ತಿಥಿಗೆ, ಮದ್ವೆಗೆ. ನೆಂಟ ಆಗಿ ಬಂದ್ರೆ ಲೆಕ್ಕಕ್ಕಿಲ್ಲ ಕಣ್ಲಾ" ಅಂತ ಹಿದಾಯತ್ ಉಲ್ಲಾ ಶಾಸ್ತ್ರ ಹೇಳಿದ. "ಅಧ್ಯಕ್ಷ ಆಗೇ ಬರ್ಬೇಕು. ಹಾರ ಹಾಕುಸ್ಕಬೇಕು. ನಾಕ್ ಜನ ನಿಂತು ನೋಡ್ಬೇಕು. ಆಗ ಓಯ್ತದೆ ನೋಡು. ನೀ ಬಾ, ಎಲ್ಲ ನಾನು ರೆಡಿ ಮಾಡ್ತೀನಿ. ಈ ಮಾತಿಂದ ನನ್ನ ದೊಡ್ ಹಾರದ ವ್ಯಾಪಾರ ಎಷ್ಟು ಹಾಳಾಗದೆ ಗೊತ್ತಾ ನಿಂಗೆ? ಒಂದು ಸಲನಾದ್ರೂ ಅದರಿಂದ ಒಬ್ಬನಿಗೆ ಉಪಕಾರ ಆಗ್ಲಿ."

ಪುಟ್ಟಮಾದು ಇದನ್ನೆಲ್ಲ ನಂಬಿದನೇ? ನಂಬಲಿಲ್ಲ. ಡಾಕ್ಟರ ಮಾತ್ರೆ ನುಂಗಿಕೊಂಡೇ ತಾಯತವನ್ನೂ ಕಟ್ಟಿಸಿಕೊಳ್ಳುವವರಿದ್ದಾರಲ್ಲ, ಹಾಗೆ. ಸಭೆಗೆ ಗೈರುಹಾಜರಾಗುವುದು ಮಾತ್ರೆ, ಚಾಮರಾಜನಗರದ ಹಾರ ತಾಯತ.

ಇನ್ನು ಉಳಿದದ್ದು ಹೆಂಡತಿ ಚಿಕ್ಕನಿಂಗಮ್ಮ. ಅವಳ ತವರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಈಚಿನ ವರ್ಷಗಳಲ್ಲಿ ಆ ಕಡೆ ಹೆದ್ದಾರಿಯ ಎರಡೂ ಬದಿಗೆ ಸೂರ್ಯಕಾಂತಿ ಹೂ ಬಿಟ್ಟಾಗ ಕೇರಳದವರೆಲ್ಲ ಕಾರು ಮಾಡಿಕೊಂಡು ಬಂದು ಹೊಲದ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋಗಳನ್ನು ಅಣ್ಣನ ಮಗಳು ಭವ್ಯ ಪ್ರತಿ ವರ್ಷ ಕಳಿಸುತ್ತಿದ್ದಳು. "ನಮ್ಮೂರ್ ಹೊಲ್ದಲ್ಲಿ ಯಾರ್ಯಾರೋ ನಿಂತವ್ರೆ, ನಾನೇ ನಿಂತಿಲ್ಲ. ಒಂದ್ ಭಾನುವಾರ ಸುಮ್ನೆ ಓಗ್ಬುಟ್ಟು ಬರನ" ಅಂತ ಚಿಕ್ಕನಿಂಗಮ್ಮ ಕೇಳುತ್ತಲೇ ಬಂದಿದ್ದಳು. ಸುಮ್ಮನೆ ಅನ್ನುವುದು ಮುಖ್ಯ. ಮದುವೆಯಾದ ಮೇಲೆ ಅವಳು ಸುಮ್ಮನೆ ಎಲ್ಲಿಗೂ ಹೋದವಳಲ್ಲ, ಏನಾದರೊಂದು ಕಾರಣ ಇರಲೇಬೇಕಿತ್ತು.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಪುಟ್ಟಮಾದು, "ಭಾನುವಾರ ಗುಂಡ್ಲುಪೇಟೆಗೆ ಓಗನ" ಅಂದ.

ಚಿಕ್ಕನಿಂಗಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಯಾರ್ ಸತ್ರು?" ಅಂದಳು.

"ಯಾರೂ ಸತ್ತಿಲ್ಲ. ಸುಮ್ನೆ. ಆರಾಮಾಗಿ ಓಗನ. ಹೂ ನೋಡ್ಕಂಡು ಬರನ."

"ಮೀಟಿಂಗು?"

"ಮೀಟಿಂಗ್ ಅದರ ಪಾಡಿಗೆ ಅದು ಆಯ್ತದೆ ಬುಡು. ನನಗೆ ನೀನು ಮುಖ್ಯವೋ, ಮೀಟಿಂಗ್ ಮುಖ್ಯವೋ?"

ಈ ಕೊನೆಯ ಮಾತು ಬೇಕಿರಲಿಲ್ಲ. ಬಾಯಿ ಜಾರಿ ಬಂತು. ಚಿಕ್ಕನಿಂಗಮ್ಮ ಎದ್ದು ಹೋಗಿ ಇನ್ನೊಂದು ಚಮಚ ತುಪ್ಪ ತಂದು ಇವನ ಸಾರಿಗೆ ಹಾಕಿದಳು. ಆ ತುಪ್ಪ ಪುಟ್ಟಮಾದುಗೆ ಗಂಟಲಲ್ಲಿ ಇಳಿಯಲಿಲ್ಲ.

ಮೈಸೂರಿನಿಂದ ಗುಂಡ್ಲುಪೇಟೆಗೆ ನಂಜನಗೂಡಿನ ಮೇಲೆ ನೆಟ್ಟಗೆ ಬಸ್ಸಿದೆ. ಪುಟ್ಟಮಾದು ಅವಳನ್ನು ಕರೆದುಕೊಂಡು ಹೋದದ್ದು ರೈಲ್ವೆ ಸ್ಟೇಷನ್ನಿಗೆ. ಚಾಮರಾಜನಗರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ತೆರಕಣಾಂಬಿಯ ಮೇಲೆ ಬಸ್ಸು ಹಿಡಿದು ಗುಂಡ್ಲುಪೇಟೆ ಸೇರುವುದು ಅಂದ. ಮೂಗನ್ನು ತಲೆಯ ಹಿಂದಿನಿಂದ ಕೈ ತಂದು ಮುಟ್ಟುವ ದಾರಿ. ಯಾಕೆ ಹೀಗೆ ಅಂತ ಕೇಳಿದರೆ ಏನು ಹೇಳುವುದು ಅಂತ ಅವನು ಮೂರು ಸುಳ್ಳು ತಯಾರು ಮಾಡಿಕೊಂಡಿದ್ದ. ಅವಳು ಕೇಳಲೇ ಇಲ್ಲ. "ಆರಾಮಾಗಿ ಅಂದ್ರೆ ಇಂಗೇ ಇರ್ಬೇಕು ಅಲ್ವಾ. ಅರ್ಜೆಂಟಿಲ್ದೆ" ಅಂದಳು. ಹಸಿರು ಸೀರೆ ಉಟ್ಟಿದ್ದಳು. ಚೀಲದಲ್ಲಿ ಪುಳಿಯೋಗರೆ, ಹುರಿದ ಕಡ್ಲೆಕಾಯಿ. ರೈಲು ಕವಲಂದೆ ದಾಟುವಷ್ಟರಲ್ಲಿ ಕಡ್ಲೆಕಾಯಿ ಅರ್ಧ ಖಾಲಿಯಾಗಿತ್ತು, ಅವಳಿಗೆ ವಯಸ್ಸೂ ಅರ್ಧ ಕಮ್ಮಿಯಾಗಿತ್ತು.

ಪುಟ್ಟಮಾದುವಿನ ಫೋನು ಮಾತ್ರ ದಾರಿಯುದ್ದಕ್ಕೂ ಬಡಿದುಕೊಳ್ಳುತ್ತಿತ್ತು. ಅವಳು ಏನೋ ಹೇಳುವುದಕ್ಕೆ ಬಾಯಿ ತೆರೆಯುವುದು, ಫೋನು ಬರುವುದು, ಇವನು ಕೈ ಅಡ್ಡ ಮಾಡಿ "ಒಂದ್ ನಿಮಿಷ ಇರು" ಅನ್ನುವುದು. ಪಂಪಿನ ಮನೆಯ ಫ್ಯೂಸು ಹೋಗಿದೆಯಂತೆ. ಇವತ್ತಿನ ಸಭೆಗೆ ಬೋಂಡ ಎಲ್ಲಿಂದ ತರಿಸಲಿ ಅಂತ ಕಾರ್ಯದರ್ಶಿ ಮಹದೇವಪ್ರಸಾದ್ ಕೇಳುತ್ತಿದ್ದಾರಂತೆ. ಪ್ರತಿ ಸಲವೂ ಇವನು ಮಾತು ಮುಗಿಸಿ ತಿರುಗುವ ಹೊತ್ತಿಗೆ ಚಿಕ್ಕನಿಂಗಮ್ಮ ಕಿಟಕಿಯಾಚೆ ನೋಡುತ್ತಿರುತ್ತಿದ್ದಳು.

ಹಿದಾಯತ್ ಉಲ್ಲಾ ಹೇಳಿದ್ದಕ್ಕಿಂತ ಹೆಚ್ಚಿಗೆ ಮಾಡಿಟ್ಟಿದ್ದ. ಅಂಗಡಿಯ ಮುಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ಬಿಳಿ ಟವಲು. ಚೆಂಡು ಹೂವಿನ ಒಂದು ಹಾರ, ಎತ್ತುವುದಕ್ಕೆ ಇಬ್ಬರು ಬೇಕು. ಅವನ ಹೆಂಡತಿ ನಜೀಮಾ ಬಾಗಿಲಲ್ಲಿ ಮೊಬೈಲು ಹಿಡಿದು ಫೋಟೋಗೆ ಸಿದ್ಧವಾಗಿ ನಿಂತಿದ್ದಳು. ಪುಟ್ಟಮಾದುವನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರೆ ಮೂಗಿನ ತನಕ ಬಂತು. "ಮೈಸೂರಿಂದ ದಯಮಾಡಿಸಿರುವ ಅಧ್ಯಕ್ಷರಾದ ಶ್ರೀಮಾನ್ ಪುಟ್ಟಮಾದು ಅವರಿಗೆ" ಅಂತ ಹಿದಾಯತ್ ಉಲ್ಲಾ ಬೀದಿಗೆಲ್ಲ ಕೇಳುವಂತೆ ಕೂಗಿದ. ಜನ ನಿಂತರು. ಭಾನುವಾರದ ಪೇಟೆ, ನಿಲ್ಲದೆ ಏನು ಮಾಡುತ್ತಾರೆ.

"ಯಾವ್ ಪಾರ್ಟಿ?" ಅಂತ ಒಬ್ಬ ಕೇಳಿದ.

"ಪಾರ್ಟಿ ಇಲ್ಲ, ನೀರು, ಚರಂಡಿ" ಅಂದ ಪುಟ್ಟಮಾದು ಹೂವಿನೊಳಗಿಂದ.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಆಗುತ್ತಿತ್ತು. ಚರಂಡಿ ಅನ್ನುವ ಮಾತು ಕೇಳಿದ್ದೇ ಗುಂಪಿನಲ್ಲಿದ್ದ ಗುರುಮಲ್ಲಯ್ಯ ಅನ್ನುವ ಮುದುಕರು ಕೋಲೂರಿಕೊಂಡು ಮುಂದೆ ಬಂದರು. ತಮ್ಮ ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಿದೆ, ಯಾರಿಗೆ ಹೇಳಿದರೂ ಕೇಳುವವರಿಲ್ಲ, ತಾವಾದರೂ ಬಂದು ನೋಡಬೇಕು ಬುದ್ಧಿ ಅಂತ ಕೈಮುಗಿದರು. ಪುಟ್ಟಮಾದುವಿಗೂ ಚಾಮರಾಜನಗರದ ಚರಂಡಿಗೂ ಏನು ಸಂಬಂಧ ಸ್ವಾಮಿ? ಆದರೆ ಮುದುಕರು ಕೈಮುಗಿದಿದ್ದಾರೆ.

"ಆಯ್ತು ಬುಡಿ, ನೋಡನ" ಅಂದುಬಿಟ್ಟ.

ಹಾಗೆ ಅಧಿಕಾರ ಕಳೆದುಕೊಳ್ಳಲು ಬಂದ ಅಧ್ಯಕ್ಷರು ಕುತ್ತಿಗೆಯಲ್ಲಿ ಹಾರ ಹಾಕಿಕೊಂಡೇ ಮೂರನೇ ಬೀದಿಗೆ ಹೋಗಿ, ಬಗ್ಗಿ ಚರಂಡಿ ನೋಡಿದರು. ಹಿಂದೆ ಒಂದಷ್ಟು ಜನ. ಬಗ್ಗಿದಾಗ ಹಾರದ ತುದಿ ಕೊಚ್ಚೆಗೆ ತಾಗಿತು. ಇಲ್ಲಿಯ ವಾರ್ಡಿನವರಿಗೆ ಸೋಮವಾರ ಫೋನು ಮಾಡುತ್ತೇನೆ ಅಂತ ಮುದುಕರ ನಂಬರನ್ನೂ ಬರೆದುಕೊಂಡ. ತನ್ನ ಬಾಯನ್ನು ತಾನೇ ಹೊಲಿದುಕೊಳ್ಳಬೇಕು ಅನ್ನಿಸಿತು ಅವನಿಗೆ. ಹೂವಿನ ಅಂಗಡಿಯಲ್ಲಿ ಸೂಜಿ ದಾರ ಬೇಕಾದಷ್ಟಿತ್ತು.

ಅವನು ತಿರುಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಚಿಕ್ಕನಿಂಗಮ್ಮ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಚಹಾ ಆರುತ್ತಿತ್ತು. ಅವಳಿಗೆ ಎಲ್ಲ ಗೊತ್ತಿದೆ ಅಂದುಕೊಂಡ ಹಿದಾಯತ್ ಉಲ್ಲಾ ಕುರ್ಚಿಯ ವಿಚಾರವನ್ನೆಲ್ಲ ನಗುನಗುತ್ತ ಹೇಳಿಬಿಟ್ಟಿದ್ದ. ಅವಳು ನಗದಿದ್ದದ್ದು ನೋಡಿ ನಜೀಮಾ ಅವನನ್ನು ಉರ್ದುವಿನಲ್ಲಿ ಗದರುತ್ತಿದ್ದಳು. ಹಿದಾಯತ್ ಉಲ್ಲಾ ಏನೂ ತೋಚದೆ ಪುಟ್ಟಮಾದುವಿನ ಕತ್ತಿನಿಂದ ಹಾರ ತೆಗೆದು, ತುದಿಯ ಕೊಚ್ಚೆಯ ಹೂ ಕತ್ತರಿಸಿ ಎಸೆದು, ನೀರು ಚಿಮುಕಿಸಿ ಮೊಳೆಗೆ ತೂಗುಹಾಕಿದ. ಸಂಜೆ ಅದು ಇನ್ಯಾರದೋ ಸನ್ಮಾನಕ್ಕೆ ಹೋಗಬೇಕಿತ್ತು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಚಿಕ್ಕನಿಂಗಮ್ಮ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡು ಕೂತಳು. ತೆರಕಣಾಂಬಿ ಬಂದಾಗ ಪುಟ್ಟಮಾದು ಮೆಲ್ಲಗೆ, "ಕಡ್ಲೆಕಾಯಿ ಅದಾ?" ಅಂದ.

"ನೀ ಕರ್ಕಂಡ್ ಬಂದಿದ್ದು ನನ್ನಲ್ಲ" ಅಂದಳು ಅವಳು. "ನಿನ್ ಅಧ್ಯಕ್ಷಗಿರಿನ ಕರ್ಕಂಡ್ ಬಂದಿದ್ದು. ನಾನು ಚೀಲ ಇಡ್ಕಳಕೆ ಬಂದಿದ್ದು."

ಪುಟ್ಟಮಾದು ಕಿಟಕಿ ಕಡೆ ತಿರುಗಿದ. ಅಯ್ಯೋ ಶಿವನೇ ಅನ್ನಿಸಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮೂವತ್ತು ವರ್ಷ ಸಾಹೇಬರ ಕೈಲಿ ಬೈಸಿಕೊಂಡ ಮೈ ಅದು. ಆದರೆ ಅವಳು ದನಿ ಏರಿಸದೆ ಹೇಳಿದ್ದಳು. ಗುರುವಾರದ ಆ ತುಪ್ಪ ನೆನಪಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಗುಂಡ್ಲುಪೇಟೆ ಮುಟ್ಟಿ, ಆಟೋದಲ್ಲಿ ಹೆದ್ದಾರಿಯ ಹೊಲಗಳ ಕಡೆ ಹೋದರು. ಹೂವೇನೋ ಬೇಕಾದಷ್ಟು ಬಿಟ್ಟಿತ್ತು, ಕಣ್ಣು ಹಾಯುವ ತನಕ ಹಳದಿ. ರಸ್ತೆಯಲ್ಲಿ ಕೇರಳದ ಕಾರುಗಳ ಸಾಲು. ಹೊಲದ ಯಜಮಾನ ಸಿದ್ದಮಲ್ಲಪ್ಪ ಹಗ್ಗ ಕಟ್ಟಿ, ಕೊಡೆ ನೆಟ್ಟು, ಅದರಡಿ ಕೂತಿದ್ದ. ಅವನು ಭೀಮನಬೀಡಿನ ಕಡೆಯವನೇ. ಚಿಕ್ಕನಿಂಗಮ್ಮ ಯಾರ ಮಗಳು ಅಂತ ಗೊತ್ತಾದ ಮೇಲೆ ಹಗ್ಗ ಎತ್ತಿ, "ಓಗಕ್ಕ, ನಿಂದೇ ಹೊಲ" ಅಂತ ಒಳಗೆ ಬಿಟ್ಟ. ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಇಲ್ಲಾದರೂ ಪುಟ್ಟಮಾದು ಮನುಷ್ಯನ ಹಾಗೆ ನಡೆದುಕೊಳ್ಳಬೇಕಿತ್ತು. ಹೆಂಡತಿಯನ್ನು ಹೂವಿನ ನಡುವೆ ನಿಲ್ಲಿಸಿ ಮೊಬೈಲು ಎತ್ತಿ ಹಿಡಿದಿದ್ದ. ಅಷ್ಟರಲ್ಲಿ ಸುಲ್ತಾನ್ ಬತ್ತೇರಿಯ ಕಡೆಯಿಂದ ಬಂದ ಒಂದು ಸಂಸಾರದ ಯಜಮಾನ "ಚೇಟ್ಟಾ, ಒಂದು ಫೋಟೋ" ಅಂತ ತನ್ನ ಮೊಬೈಲನ್ನು ಇವನ ಕೈಗೆ ಕೊಟ್ಟ. ಕೊಟ್ಟರೆ ಬೇಡ ಅನ್ನಲಾದೀತೇ. ಅವರದು ತೆಗೆದ. ಅದನ್ನು ನೋಡಿ ಪಕ್ಕದವರು ಕೊಟ್ಟರು. ಅಜ್ಜಿ ಬೇರೆ, ಮೊಮ್ಮಕ್ಕಳು ಬೇರೆ, ಎಲ್ಲರೂ ಹಾರಿದ ಹಾಗೆ ಒಂದು. ಒಬ್ಬರು ಕಣ್ಣು ಮುಚ್ಚಿದ್ದರು ಅಂತ ಮತ್ತೊಂದು. ಪುಟ್ಟಮಾದು ಕಾಲು ಗಂಟೆ ಅತ್ತಿತ್ತ ಓಡಾಡುತ್ತ, ಮಂಡಿಯೂರಿ, ಬಗ್ಗಿ, ಬೆವರು ಒರೆಸಿಕೊಂಡು ಕೇರಳದ ಅರ್ಧ ಜಿಲ್ಲೆಯ ಫೋಟೋ ತೆಗೆದ. ತಿರುಗಿ ನೋಡಿದರೆ ಚಿಕ್ಕನಿಂಗಮ್ಮ ನಿಲ್ಲಿಸಿದ ಜಾಗದಲ್ಲೇ ಹೂವಿನ ನಡುವೆ ನಿಂತಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು. ಅವಳು ಅದನ್ನು ಹಿಡಿದುಕೊಳ್ಳುವುದನ್ನೂ ಬಿಟ್ಟಿದ್ದಳು.

ಓಡಿ ಹೋಗಿ ಅವಳ ಮುಂದೆ ಮೊಬೈಲು ಎತ್ತಿದ. ಅದು ಅವನ ಕೈಯಲ್ಲೇ ಬಡಿದುಕೊಂಡಿತು. ಮಹದೇವಪ್ರಸಾದ್. ಸಭೆ ಮುಗಿದಿರಬೇಕು.

ಏನು ಹೇಳುತ್ತಾರೆ ಅಂತ ಅವನಿಗೆ ಗೊತ್ತಿತ್ತು. ನೀವಿಲ್ಲದೆ ಹೇಗೆ ಪುಟ್ಟಮಾದು ಅವರೇ, ಎಲ್ಲರೂ ಒಂದೇ ಮಾತಿನಲ್ಲಿ ನೀವೇ ಆಗಬೇಕು ಅಂದರು. ಅದಕ್ಕೆ ತಾನು ಏನು ಅನ್ನುತ್ತೇನೆ ಅನ್ನುವುದೂ ಗೊತ್ತಿತ್ತು. ಮನಸ್ಸಿನಲ್ಲಿ 'ಆಗಲ್ಲ, ಆಗಲ್ಲ, ಆಗಲ್ಲ' ಅಂತ ಅಭ್ಯಾಸ ಮಾಡಿಕೊಂಡು ಹಸಿರು ಗುಂಡಿ ಒತ್ತಿದ.

"ಪುಟ್ಟಮಾದು ಅವರೇ, ಸಭೆ ಮುಗೀತು" ಅಂದರು ಮಹದೇವಪ್ರಸಾದ್. "ಐದ್ ನಿಮಿಷ್ದಲ್ಲಿ ಮುಗೀತು. ಸಿಂಧು ಮೇಡಂ ಅಧ್ಯಕ್ಷರಾಗ್ತೀನಿ ಅಂದ್ರು, ಎಲ್ರೂ ಕೈ ಎತ್ತಿದ್ರು. ಪಂಪ್‌ಹೌಸ್ ಬೀಗದ ಕೈ ಎಲ್ಲಿಟ್ಟಿದ್ದೀರ?"

ಸಿಂಧು ಅಂದರೆ ಕೊನೆಯ ಅಡ್ಡರಸ್ತೆಯ ಬಾಡಿಗೆ ಮನೆಗೆ ಬಂದಿರುವ ಸ್ಕೂಲ್ ಟೀಚರು. ಬಂದು ಇನ್ನೂ ವರ್ಷವಾಗಿಲ್ಲ.

"ಆ ಹುಡ್ಗಿನಾ?" ಅಂದ ಪುಟ್ಟಮಾದು. "ಅಷ್ಟು ಕೆಲ್ಸ ಆಯಮ್ಮನ ಕೈಲಿ ಆಯ್ತದಾ ಸಾ? ಅಷ್ಟು ಫೋನು..."

"ಅವ್ರಿಗೆ ಫೋನ್ ಮಾಡಂಗಿಲ್ವಂತೆ. ಬುಧವಾರ ಸಂಜೆ ಒಂದು ಗಂಟೆ ಪಾರ್ಕಲ್ಲಿ ಕೂತಿರ್ತೀನಿ, ಏನಿದ್ರೂ ಅಲ್ಲಿಗೇ ಬಂದು ಹೇಳಿ ಅಂದ್ರು. ಜನ ಚಪ್ಪಾಳೆ ಹೊಡೆದ್ರು. ಬೀಗದ ಕೈ ಎಲ್ಲಿದೆ?"

ಪುಟ್ಟಮಾದು ಬೀಗದ ಕೈ ಎಲ್ಲಿದೆ ಅಂತ ಹೇಳಿದ. ಮಹದೇವಪ್ರಸಾದ್ ಥ್ಯಾಂಕ್ಸ್ ಅಂದು ಫೋನು ಇಟ್ಟರು.

ಆಗಬೇಕಾದ್ದು ಆಗಿತ್ತು. ಆರು ವರ್ಷ ಬೇಡಿಕೊಂಡದ್ದು ಸಿಕ್ಕಿತ್ತು. ಪುಟ್ಟಮಾದು ಕುಣಿಯಬೇಕಿತ್ತು. ಅವನು ಸೂರ್ಯಕಾಂತಿಯ ಸಾಲಿನ ಬದುವಿನ ಮೇಲೆ ಪಂಚೆ ಮಡಚಿಕೊಂಡು ಕೂತುಬಿಟ್ಟ. ಒಬ್ಬರಾದರೂ, ಒಂದು ಸಲವಾದರೂ, ಪುಟ್ಟಮಾದು ಇದ್ದರಲ್ಲ ಅನ್ನಲಿಲ್ಲವೇ? ಎಷ್ಟು ಸಲ ಪಂಪಿನ ಮನೆಗೆ ಓಡಿದ್ದ. ಅಮಾವಾಸ್ಯೆ ಕೇಳುತ್ತಿದ್ದ ಆ ಮಹಾತಾಯಿಯೂ ಕೈ ಎತ್ತಿದಳೇ? ಮತ್ತೆ, ಬುಧವಾರ ಸಂಜೆ ಒಂದು ಗಂಟೆ! ಇದು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಕಣ್ಣಲ್ಲಿ ನೀರು ಬಂತು. ಥೂ, ಎಂಥ ಮನುಷ್ಯ ನಾನು, ಬೇಡ ಅಂದದ್ದನ್ನು ಕಿತ್ತುಕೊಂಡರೂ ಅಳುತ್ತೇನೆ ಅಂತ ಅವನಿಗೇ ಅನ್ನಿಸಿ, ಅಳುವಿನ ನಡುವೆ ನಗುವೂ ಬಂತು.

ಚಿಕ್ಕನಿಂಗಮ್ಮ ಹೂವಿನ ನಡುವಿನಿಂದ ಬಂದು ಪಕ್ಕದಲ್ಲಿ ನಿಂತಳು. "ಏನಾಯ್ತು?"

"ಓಯ್ತು ಕಣ" ಅಂದ. "ಕುರ್ಚಿ ಓಯ್ತು."

"ಅದಕ್ಕೇ ಅಲ್ವಾ ಹಾರ ಹಾಕುಸ್ಕಂಡಿದ್ದು?"

"ಉಂ."

"ಮತ್ಯಾಕೆ ಅಳದು?"

"ಗೊತ್ತಿಲ್ಲ" ಅಂದ ಪುಟ್ಟಮಾದು. "ಇಷ್ಟು ಬೇಗ ಓಯ್ತದೆ ಅಂದ್ಕಂಡಿರ್ನಿಲ್ಲ."

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡ. ಭುಜ ಕುಲುಕುವುದು ನೋಡಿದರೆ ನಗುತ್ತಿದ್ದಳು. ನಗು ತಡೆಯಲಾಗದೆ ಅವಳೂ ಬದುವಿನ ಮೇಲೆ ಕೂತಳು. ಕೊಡೆಯ ಕೆಳಗಿನ ಸಿದ್ದಮಲ್ಲಪ್ಪ ಏನೆಂದು ತಿಳಿಯದೆ ಇವರ ಕಡೆ ನೋಡಿದ. ಪುಳಿಯೋಗರೆ ಬಿಚ್ಚಿದರು, ಅವನಿಗೂ ಒಂದು ಎಲೆಯಲ್ಲಿ ಕೊಟ್ಟರು. ಚಿಕ್ಕನಿಂಗಮ್ಮನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹುಣಸೆ ಗೊಜ್ಜು ಚೆನ್ನಾಗಿ ಹಿಡಿದಿದ್ದ ಭಾಗವನ್ನೆಲ್ಲ ಸಿದ್ದಮಲ್ಲಪ್ಪನಿಗೆ ಬಡಿಸಿ ಗಂಡನಿಗೆ ಗೊಜ್ಜು ಹತ್ತದ ಬಿಳಿ ಅನ್ನ ಉಳಿಸಿದಳು. ಪುಟ್ಟಮಾದು ತಲೆ ಎತ್ತದೆ ತಿಂದ.

ವಾಪಸ್ ಬರುವಾಗ ನೆಟ್ಟಗೆ ಮೈಸೂರಿನ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಅವಳು, ಈ ಕಡೆ ಇವನು. ಬಸ್ಸು ಬೇಗೂರು ದಾಟಿತು. ಪುಟ್ಟಮಾದು ಜೇಬಿನಿಂದ ಫೋನು ತೆಗೆದು ನೋಡಿದ, ಒಳಗಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದ. ಸಿಗ್ನಲ್ ಇದೆಯೋ ಇಲ್ಲವೋ ಅಂತ ಮೇಲೆತ್ತಿ ಹಿಡಿದ. ಇತ್ತು. ಹಿದಾಯತ್ ಉಲ್ಲಾ ಒಬ್ಬನೇ ಫೋನು ಮಾಡಿ, ಸುದ್ದಿ ಕೇಳಿ, "ನೋಡ್ದಾ ನಮ್ಮೂರ ತಾಕತ್ತು" ಅಂತ ಬೀಗಿ ಇಟ್ಟಿದ್ದ. ಅದು ಬಿಟ್ಟರೆ ಇಡೀ ಬಡಾವಣೆಯಲ್ಲಿ ನೀರು ಬಂದಿತ್ತೋ, ದೀಪ ಉರಿಯುತ್ತಿತ್ತೋ, ಯಾರೂ ಪುಟ್ಟಮಾದುಗೆ ಹೇಳಲಿಲ್ಲ. ಮತ್ತೆ ಜೇಬಿಗೆ ಕೈ ಹಾಕಿದ.

"ಇನ್ಮೇಲೆ ಯಾರೂ ಮಾಡಲ್ಲ ಬುಡು" ಅಂದಳು ಚಿಕ್ಕನಿಂಗಮ್ಮ. ಹಂಗಿಸುವ ದನಿಯಾಗಿರಲಿಲ್ಲ. "ನಾನೊಂದು ಮಾತ ಏಳ್ಲಾ?"

ಪುಟ್ಟಮಾದು ಜೇಬಿನಿಂದ ಕೈ ತೆಗೆದು ಅವಳ ಕಡೆ ತಿರುಗಿ ಕೂತ. "ಏಳು."

ಅವಳು ಬಾಯಿ ತೆರೆದಳು. ಸ್ವಲ್ಪ ಹೊತ್ತು ಇವನ ಮುಖವನ್ನೇ ನೋಡಿದಳು. ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಯೋಚಿಸಿದಳು. ಆಮೇಲೆ ಕೈ ಬಿಟ್ಟಳು.

"ಆರ್ ವರ್ಷದಿಂದ ಆಮೇಲೆ ಏಳನ, ಆಮೇಲೆ ಏಳನ ಅಂತ ತಡ್ಕಂಡೂ ತಡ್ಕಂಡೂ" ಅಂದಳು, "ಈಗ ಒಂದೂ ಗ್ಯಾಪಕಕ್ಕೆ ಬತ್ತಿಲ್ಲ ಕಣ."

ಸಭೆಯಲ್ಲಿ ಕೈ ಎತ್ತಿದವರೆಲ್ಲ ಒಟ್ಟಿಗೆ ಸೇರಿದರೂ ಪುಟ್ಟಮಾದುಗೆ ಇಷ್ಟು ನೋವು ಕೊಟ್ಟಿರಲಿಲ್ಲ. ತಪ್ಪಾಯಿತು ಅನ್ನೋಣವೆಂದರೆ, ಆ ಮಾತನ್ನು ಜೀವಮಾನವೆಲ್ಲ ಬೇರೆಯವರಿಗೆ ಹೇಳಿ ಹೇಳಿ ಸವೆಸಿಬಿಟ್ಟಿದ್ದ. ಇವಳಿಗೆ ಹೇಳುವುದಕ್ಕೆ ಅದು ಸಾಲದು ಅನ್ನಿಸಿತು.

"ಒಂದೊಂದೇ ಬತ್ತದೆ ಬುಡು" ಅಂದ ಕೊನೆಗೆ. "ನೀ ಚಿಕ್ಕೋಳಾಗಿದ್ದಾಗ ನಿಮ್ಮ ಹೊಲ್ದಲ್ಲಿ ಏನ್ ಬೆಳೀತಿದ್ರಿ? ಈ ಹೂ ಇರ್ನಿಲ್ವಲ್ಲ ಆಗ."

"ಜೋಳ" ಅಂದಳು ಅವಳು ಕಿಟಕಿಯಾಚೆ ನೋಡುತ್ತ.

ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತು, ಜನ ಹತ್ತಿದರು, ಹೊರಟಿತು. ಪುಟ್ಟಮಾದು ಅವಳ ಕಡೆಯೇ ತಿರುಗಿ ಕಾದ. ಇನ್ನು ಇಷ್ಟೇ ಏನೋ ಅಂದುಕೊಳ್ಳುವ ಹೊತ್ತಿಗೆ ಚಿಕ್ಕನಿಂಗಮ್ಮ, "ಬರೀ ಜೋಳ ಅಲ್ಲ" ಅಂದಳು. "ಜೋಳದ ಸಾಲಲ್ಲಿ ನಮ್ಮವ್ವ ಅವರೆ ಹಾಕ್ಬುಡದು. ಅಪ್ಪಂಗೆ ಗೊತ್ತಿಲ್ದಂಗೆ."

"ಗೊತ್ತಿಲ್ದಂಗೆ ಯಾಕೆ?" ಅಂತ ಕೇಳಿದ ಪುಟ್ಟಮಾದು.